ಮೊದಲ ಕಿಲೋಮೀಟರಿನ ವಿದ್ಯೆ

ನಮ್ಮ ಕಡೆಯ ಕಾಲೇಜುಗಳ ವಾರ್ಷಿಕ ಕ್ರೀಡಾಕೂಟದಲ್ಲಿ ರಸ್ತೆ ಓಟವು ಹೇಗೆ ನಡೆಯುತ್ತದೆಂಬುದನ್ನು ಕಂಡವರೆಲ್ಲ ಬಲ್ಲರು. ಏಳು ಗಂಟೆಗೆಂದು ಸಾರಿದ ಓಟಕ್ಕೆ ಅತಿಥಿಗಳು ಬಂದು ಬಾವುಟ ಬೀಸುವ ಹೊತ್ತಿಗೆ ಎಂಟೂವರೆಯಾಗಿರುತ್ತದೆ. ಬಿಸಿಲು ತೆಂಗಿನ ತಲೆಗಳನ್ನು ದಾಟಿ ರಸ್ತೆಗೆ ಇಳಿದಿರುತ್ತದೆ. ಸೀಟಿ ಕೇಳಿದ್ದೇ ತಡ, ಎಂಬತ್ತು ತೊಂಬತ್ತು ಮಂದಿ ನೂರು ಮೀಟರ್ ಓಟಕ್ಕೆ ಹೊರಟವರಂತೆ ಗೇಟಿನತ್ತ ನುಗ್ಗುತ್ತಾರೆ. ಮೊದಲ ತಿರುವಿನಲ್ಲಿ ಎಲ್ಲರಿಗಿಂತ ಮುಂದಿದ್ದವನು ಮೊದಲ ಕಿಲೋಮೀಟರು ಮುಗಿಯುವಾಗ ಪಕ್ಕೆ ಹಿಡಿದುಕೊಂಡು ನಡೆಯುತ್ತಿರುತ್ತಾನೆ. ಎರಡನೆಯ ಕಿಲೋಮೀಟರಿನಲ್ಲಿ ಅರ್ಧಕ್ಕರ್ಧ ಮಂದಿ ನಡೆಯುವವರೇ. ಕೆಲವರು ಅಂಗಡಿಯ ಜಗಲಿಯಲ್ಲಿ ಕುಳಿತು ಸೋಡಾ ಕುಡಿಯುತ್ತಾರೆ. ಇನ್ನು ಕೆಲವರು ಗೆಳೆಯರ ಬೈಕಿನ ಹಿಂಬದಿಯಲ್ಲಿ ಹಿಂತಿರುಗುತ್ತಾರೆ. ಸಂಜೆಯ ಬಹುಮಾನ ವಿತರಣೆಯಲ್ಲಿ ವೇದಿಕೆಯಿಂದ ಯಾರಾದರೊಬ್ಬರು, ಇಂದಿನ ಯುವಜನರಲ್ಲಿ ಕಸುವೇ ಇಲ್ಲವೆಂದು ವಿಷಾದಿಸುತ್ತಾರೆ.

ಈ ವಿಷಾದ ತಪ್ಪು ರೋಗನಿದಾನವೆಂಬುದು ನನ್ನ ಖಚಿತವಾದ ಅಭಿಪ್ರಾಯ. ಅಂದು ಕುಸಿದ ಹುಡುಗರಲ್ಲಿ ಹಲವರು ಬೆಳಗ್ಗೆ ಅಡಕೆ ತೋಟಕ್ಕೆ ನೀರು ಬಿಟ್ಟು, ಎರಡು ಮೈಲಿ ನಡೆದು ಬಸ್ಸು ಹಿಡಿದು ಬರುವವರು. ಅವರಿಗೆ ಇಲ್ಲದಿರುವುದು ಕಸುವಲ್ಲ, ಗತಿಯ ಅರಿವು. ಕನ್ನಡದಲ್ಲಿ ‘ಗತಿ’ ಎಂಬ ಪದಕ್ಕೆ ನಡಿಗೆ, ವೇಗ ಎಂಬ ಅರ್ಥವೂ ಉಂಟು. ಒದಗಿದ ಅವಸ್ಥೆ ಎಂಬ ಅರ್ಥವೂ ಉಂಟು. ದೀರ್ಘ ಓಟದಲ್ಲಿ ಮೊದಲನೆಯ ಅರ್ಥವನ್ನು ಆರಂಭದಲ್ಲಿ ಮರೆತವರು ಎರಡನೆಯ ಅರ್ಥವನ್ನು ಕೊನೆಯಲ್ಲಿ ಅನುಭವಿಸುತ್ತಾರೆ.

ಈ ಮಾತನ್ನು ಈಗ ಎತ್ತಲು ಕಾರಣವಿದೆ. ಕಾಸರಗೋಡಿನ ಆಸುಪಾಸಿನ ನಮ್ಮ ವಿದ್ಯಾರ್ಥಿಗಳಲ್ಲಿಯೂ ಹಳೆಯ ವಿದ್ಯಾರ್ಥಿಗಳಲ್ಲಿಯೂ ಮ್ಯಾರಥಾನಿಗೆ ತಯಾರಿ ನಡೆಸುವವರು ಒಬ್ಬಿಬ್ಬರಾಗಿ ಕಾಣಿಸಿಕೊಳ್ಳುತ್ತಿದ್ದಾರೆ. ಉತ್ತರಕ್ಕೆ ಮಂಗಳೂರಿನಲ್ಲಿ, ದಕ್ಷಿಣಕ್ಕೆ ಕೊಚ್ಚಿಯಲ್ಲಿ, ಘಟ್ಟದಾಚೆ ಬೆಂಗಳೂರಿನಲ್ಲಿ ರಸ್ತೆ ಓಟಗಳಿಗೆ ಕೊರತೆಯಿಲ್ಲ. 2004ರಲ್ಲಿ ಆರಂಭವಾದ ಮುಂಬಯಿ ಮ್ಯಾರಥಾನ್ ಇವರೆಲ್ಲರ ದೊಡ್ಡ ಕನಸು. ನಲವತ್ತು ದಾಟಿದ ಮೇಲೆ ಬೂಟು ಕಟ್ಟಿದ ನಾನೂ ಈ ಗುಂಪಿಗೆ ಸೇರಿದವನೇ. ಇವರು ತಿಂಗಳಿಗೊಂದರಂತೆ 5 ಕಿಲೋಮೀಟರ್, 10 ಕಿಲೋಮೀಟರ್, ಹಾಫ್ ಮ್ಯಾರಥಾನ್ ಓಟಗಳಲ್ಲಿ ಭಾಗವಹಿಸುತ್ತಾರೆ. ಅದು ಒಳ್ಳೆಯದೇ. ಆದರೆ ಪ್ರತಿಯೊಂದು ಓಟವನ್ನೂ ಅಂತಿಮ ಪರೀಕ್ಷೆಯೆಂಬಂತೆ, ಮೈಯಲ್ಲಿರುವುದನ್ನೆಲ್ಲ ಸುರಿದು ಓಡುತ್ತಾರೆ. ಕಾಲೇಜಿನ ಗೇಟಿನಲ್ಲಿ ಕಲಿತ ನುಗ್ಗಾಟವನ್ನೇ ಅಲ್ಲಿಯೂ ಮುಂದುವರಿಸುತ್ತಾರೆ. ಮ್ಯಾರಥಾನಿಗೆ ಮುನ್ನ ಓಡುವ ಸಣ್ಣ ಓಟಗಳು ಪರೀಕ್ಷೆಗಳಾಗುವುದಕ್ಕಿಂತ ಮೊದಲು ಪಾಠಗಳಾಗಬೇಕು ಎಂಬುದೇ ಇಲ್ಲಿ ನಾನು ಹೇಳಹೊರಟಿರುವುದು.

ಗತಿಯ ಪ್ರಶ್ನೆ ಏಕೆ ಇಷ್ಟು ಮುಖ್ಯವೆಂಬುದಕ್ಕೆ ಶರೀರದ ಲೆಕ್ಕಾಚಾರವೇ ಉತ್ತರ. ಓಡುವ ದೇಹಕ್ಕೆ ಇಂಧನ ಎರಡು ಬಗೆಯದು: ಕೊಬ್ಬು ಮತ್ತು ಗ್ಲೈಕೋಜನ್ ಎಂಬ ರೂಪದಲ್ಲಿ ಸ್ನಾಯುಗಳಲ್ಲಿಯೂ ಯಕೃತ್ತಿನಲ್ಲಿಯೂ ಕೂಡಿಟ್ಟ ಸಕ್ಕರೆ. ಕೊಬ್ಬಿಗೆ ಕೃಶಕಾಯರಲ್ಲಿಯೂ ಬರವಿಲ್ಲ. ಗ್ಲೈಕೋಜನ್ ಮಾತ್ರ ಸಾಮಾನ್ಯವಾಗಿ 400ರಿಂದ 500 ಗ್ರಾಂ, ಅಂದರೆ 2,000 ಕಿಲೋಕ್ಯಾಲರಿಯ ಆಸುಪಾಸು. 60 ಕಿಲೋ ತೂಗುವ ಓಟಗಾರನೊಬ್ಬ ಒಂದು ಕಿಲೋಮೀಟರ್ ಓಡಲು ಸುಮಾರು 60 ಕಿಲೋಕ್ಯಾಲರಿ ವ್ಯಯಿಸುತ್ತಾನೆ; 42.195 ಕಿಲೋಮೀಟರಿಗೆ 2,500ಕ್ಕಿಂತ ಹೆಚ್ಚು ಬೇಕು. ಕೊರತೆಯನ್ನು ಕೊಬ್ಬು ತುಂಬಿಕೊಡಬೇಕು. ಆದರೆ ವೇಗ ಹೆಚ್ಚಿದಷ್ಟೂ ದೇಹವು ಕೊಬ್ಬನ್ನು ಬದಿಗಿಟ್ಟು ಗ್ಲೈಕೋಜನ್ನಿಗೇ ಕೈಹಾಕುತ್ತದೆ. ಮೊದಲ ಹತ್ತು ಕಿಲೋಮೀಟರಿನಲ್ಲಿ ಹೀಗೆ ಅತಿಯಾಗಿ ತೆತ್ತದ್ದು ಆಮೇಲೆ ನಿಧಾನಿಸಿದರೆ ಮರಳಿ ಬರುವುದಿಲ್ಲ. 30 ಕಿಲೋಮೀಟರು ದಾಟಿದ ಬಳಿಕ ಕಾಲು ಸೀಸದಂತೆ ಭಾರವಾಗಿ, ತಲೆ ಮಂಕಾಗಿ, ಓಟಗಾರರು ‘ಗೋಡೆ’ ಎಂದು ಕರೆಯುವ ಸ್ಥಿತಿ ಎದುರಾಗುವುದು ಬಹುಮಟ್ಟಿಗೆ ಇದರಿಂದಲೇ.

ಒಂದು ಉದಾಹರಣೆಯನ್ನು ಅಂಕಿಗಳಲ್ಲಿಯೇ ನೋಡೋಣ. 10 ಕಿಲೋಮೀಟರನ್ನು 50 ನಿಮಿಷಗಳಲ್ಲಿ ಓಡಬಲ್ಲ ವಿದ್ಯಾರ್ಥಿಯೊಬ್ಬನಿದ್ದಾನೆ ಎನ್ನಿ. ಪೀಟರ್ ರೀಗಲ್ ಎಂಬ ಅಮೆರಿಕದ ಎಂಜಿನಿಯರ್ 1977ರಲ್ಲಿ ಪ್ರಕಟಿಸಿದ ಸೂತ್ರವೊಂದಿದೆ; ದೂರ ಇಮ್ಮಡಿಯಾದಾಗ ಸಮಯ ಬರಿಯ ಇಮ್ಮಡಿಯಾಗದೆ ಸುಮಾರು 2.08 ಪಟ್ಟಾಗುತ್ತದೆ ಎಂಬುದು ಅದರ ಸಾರ. ಆ ಲೆಕ್ಕದಲ್ಲಿ ಈತನ ಹಾಫ್ ಮ್ಯಾರಥಾನ್ 1 ಗಂಟೆ 50 ನಿಮಿಷಕ್ಕೂ ಮ್ಯಾರಥಾನ್ 3 ಗಂಟೆ 50 ನಿಮಿಷಕ್ಕೂ ಬರುತ್ತದೆ. ಅದೂ ವಾರವಾರವೂ ದೂರದ ಓಟಗಳನ್ನು ತಪ್ಪದೆ ಓಡಿದ್ದರೆ. ಇಲ್ಲವಾದರೆ ಇನ್ನಷ್ಟು ನಿಧಾನ. 3 ಗಂಟೆ 50 ನಿಮಿಷವೆಂದರೆ ಕಿಲೋಮೀಟರಿಗೆ 5 ನಿಮಿಷ 27 ಸೆಕೆಂಡು. ಮ್ಯಾರಥಾನಿನ ಬೆಳಗ್ಗೆ ತಂಪಾಗಿದೆ, ವಾರದ ವಿಶ್ರಾಂತಿಯಿಂದ ಕಾಲು ಹಗುರವಾಗಿದೆ, ಸುತ್ತ ಸಾವಿರ ಜನ. ಈತ ಮೊದಲ 10 ಕಿಲೋಮೀಟರನ್ನು 5 ನಿಮಿಷ 5 ಸೆಕೆಂಡಿನಂತೆ ಓಡುತ್ತಾನೆ, ಆಯಾಸವೇ ತೋರುವುದಿಲ್ಲ. ಗಳಿಸಿದ್ದು 3 ನಿಮಿಷ 40 ಸೆಕೆಂಡು. 32ನೆಯ ಕಿಲೋಮೀಟರಿನಲ್ಲಿ ದೇಹ ಲೆಕ್ಕ ಕೇಳುತ್ತದೆ. ಉಳಿದ ಹತ್ತನ್ನು ಕಿಲೋಮೀಟರಿಗೆ 7 ನಿಮಿಷದಂತೆ ಎಳೆದುಕೊಂಡು ಹೋದರೂ ಕಳೆದುಕೊಳ್ಳುವುದು ಸುಮಾರು 16 ನಿಮಿಷ. ‘ಆರಂಭದಲ್ಲಿ ಸ್ವಲ್ಪ ಸಮಯ ಉಳಿಸಿಕೊಂಡರೆ ಕೊನೆಗೆ ಆಗುತ್ತದೆ’ ಎಂಬ ಮಾತು ಓಟಗಾರರ ನಡುವೆ ಬಹಳ ಪ್ರಚಲಿತ. ಇಷ್ಟು ದುಬಾರಿ ಬಡ್ಡಿಯ ಸಾಲವನ್ನು ಉಳಿತಾಯವೆಂದು ಕರೆಯುವ ರೂಢಿ ಬೇರೆಲ್ಲಿಯೂ ಇರಲಾರದು.

ಇದು ಹೊಸ ಸಂಗತಿಯೇನಲ್ಲ. ಇಂದಿನ 42.195 ಕಿಲೋಮೀಟರ್ ದೂರ ಮೊದಲು ಬಳಕೆಗೆ ಬಂದದ್ದೇ 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ. ಆ ಓಟವೇ ಈ ಪಾಠಕ್ಕೆ ಮೊದಲ ದೃಷ್ಟಾಂತವೂ ಹೌದು. ಜುಲೈ 24ರ ಸೆಖೆಯಲ್ಲಿ ವಿಂಡ್ಸರ್ ಅರಮನೆಯಿಂದ ಹೊರಟ ಓಟಗಾರರಲ್ಲಿ ಆತಿಥೇಯ ಬ್ರಿಟನ್ನಿನವರು ತವರಿನ ಜನರ ಜಯಕಾರಕ್ಕೆ ಉಬ್ಬಿ ಮುಂದೆ ನುಗ್ಗಿದರು. ಮೊದಲ ಮೈಲಿ ಐದು ನಿಮಿಷಗಳ ಆಸುಪಾಸಿನಲ್ಲಿ ಮುಗಿಯಿತು. ಅಂದು ಚಿನ್ನ ಗೆದ್ದ ಅಮೆರಿಕದ ಜಾನಿ ಹೇಯ್ಸ್ ತೆಗೆದುಕೊಂಡ ಸಮಯ 2 ಗಂಟೆ 55 ನಿಮಿಷ 18 ಸೆಕೆಂಡು, ಎಂದರೆ ಮೈಲಿಗೆ ಸರಾಸರಿ 6 ನಿಮಿಷ 41 ಸೆಕೆಂಡು. ಆರಂಭದಲ್ಲಿ ಬಹಳ ಹಿಂದಿದ್ದು, ಕುಸಿಯುತ್ತಿದ್ದವರನ್ನು ಒಬ್ಬೊಬ್ಬರನ್ನಾಗಿ ದಾಟಿ ಬಂದವನು ಆತ. ಮೊದಲ ಹತ್ತು ಸ್ಥಾನಗಳಲ್ಲಿ ಬ್ರಿಟನ್ನಿನ ಒಬ್ಬನೂ ಇರಲಿಲ್ಲ. ಕ್ರೀಡಾಂಗಣವನ್ನು ಮೊದಲು ಪ್ರವೇಶಿಸಿದ ಇಟಲಿಯ ಡೊರಾಂಡೊ ಪಿಯೆತ್ರಿ ದಿಕ್ಕು ತಪ್ಪಿ, ಮತ್ತೆ ಮತ್ತೆ ಬಿದ್ದು, ಅಧಿಕಾರಿಗಳು ಹಿಡಿದೆತ್ತಿ ದಾಟಿಸಿದ ಕಾರಣಕ್ಕೆ ಅನರ್ಹನಾದ ಕಥೆ ಪ್ರಸಿದ್ಧವಾದದ್ದು. ಜನರಿಗೆ ಇಂದಿಗೂ ನೆನಪಿರುವುದು ಡೊರಾಂಡೊನ ಹೆಸರೇ. ಹೇಯ್ಸ್‌ನ ಹೆಸರನ್ನು ಹುಡುಕಿ ತೆಗೆಯಬೇಕಾಗುತ್ತದೆ. ಬೀಳುವವನಲ್ಲಿ ಕಥೆಯಿದೆ, ಹದವಾಗಿ ಓಡಿದವನಲ್ಲಿ ಕಥೆಯಿಲ್ಲ. ನಮ್ಮ ಪತ್ರಿಕೆಗಳ ಕ್ರೀಡಾಪುಟಕ್ಕೂ ಇದೇ ದೌರ್ಬಲ್ಯ.

ನೂರಹದಿನೈದು ವರ್ಷಗಳ ನಂತರ, 2023ರ ಅಕ್ಟೋಬರಿನಲ್ಲಿ, ಕೆನ್ಯಾದ ಕೆಲ್ವಿನ್ ಕಿಪ್ಟಮ್ ಷಿಕಾಗೊದಲ್ಲಿ 2 ಗಂಟೆ 35 ಸೆಕೆಂಡುಗಳ ವಿಶ್ವದಾಖಲೆ ಸ್ಥಾಪಿಸಿದ. ಮೊದಲರ್ಧ 60 ನಿಮಿಷ 48 ಸೆಕೆಂಡು. ಎರಡನೆಯ ಅರ್ಧ 59 ನಿಮಿಷ 47 ಸೆಕೆಂಡು. ಅದಕ್ಕೂ ಒಂದು ವರ್ಷ ಮೊದಲು ಬರ್ಲಿನ್ನಿನಲ್ಲಿ ಎಲಿಯುಡ್ ಕಿಪ್ಚೋಗೆ ಮೊದಲರ್ಧವನ್ನು 59 ನಿಮಿಷ 51 ಸೆಕೆಂಡಿನಲ್ಲಿ ಮುಗಿಸಿದಾಗ ಎರಡನೆಯ ಅರ್ಧಕ್ಕೆ 61 ನಿಮಿಷ 18 ಸೆಕೆಂಡು ಬೇಕಾಯಿತು. ಅದೂ ಆಗ ವಿಶ್ವದಾಖಲೆಯೇ ಆಗಿತ್ತು, ಆದರೆ ಕಿಪ್ಟಮ್‌ನದಕ್ಕಿಂತ 34 ಸೆಕೆಂಡು ಹೆಚ್ಚು. ಜಗತ್ತಿನ ಅತ್ಯುತ್ತಮರಲ್ಲಿಯೂ ಮೊದಲರ್ಧದ ಆಧಿಕ್ಯ ಕೊನೆಯಲ್ಲಿ ಕಾಣಿಸಿಕೊಳ್ಳುತ್ತದೆ. ನಮ್ಮ ದೇಶದ ಶಿವನಾಥ ಸಿಂಗ್ 1978ರಲ್ಲಿ ಜಲಂಧರಿನಲ್ಲಿ 2 ಗಂಟೆ 12 ನಿಮಿಷಗಳಲ್ಲಿ ಮ್ಯಾರಥಾನ್ ಮುಗಿಸಿದರು. ನಾಲ್ಕು ದಶಕಕ್ಕೂ ಮಿಕ್ಕಿ ಅಳಿಯದೆ ನಿಂತ ಆ ರಾಷ್ಟ್ರೀಯ ದಾಖಲೆಯ ಸರಾಸರಿ ಕಿಲೋಮೀಟರಿಗೆ 3 ನಿಮಿಷ 8 ಸೆಕೆಂಡು. ನಮ್ಮ ಹುಡುಗರು ಕಾಲೇಜಿನ ಗೇಟು ದಾಟುವ ವೇಗ ಅದಕ್ಕಿಂತ ಕಡಿಮೆಯದಲ್ಲ!

ಹಾಗಾದರೆ ಈ ವಿದ್ಯೆಯನ್ನು ದಿನನಿತ್ಯದ ಅಭ್ಯಾಸದಲ್ಲಿಯೇ ಕಲಿಯಬಾರದೆ, ಅದಕ್ಕಾಗಿ ಓಟದ ಸ್ಪರ್ಧೆಗಳೇ ಏಕೆ ಬೇಕು ಎಂದು ಕೇಳಬಹುದು. ಅಭ್ಯಾಸ ಕಾಲಿಗೆ ಕಲಿಸುತ್ತದೆ. ಸ್ಪರ್ಧೆ ಮನಸ್ಸಿಗೆ ಕಲಿಸುತ್ತದೆ. ಮುಂಜಾನೆ ಐದೂವರೆಗೆ ಒಬ್ಬನೇ ಓಡುವಾಗ ನಿಗದಿತ ಗತಿಯನ್ನು ಕಾಯ್ದುಕೊಳ್ಳುವುದು ದೊಡ್ಡ ಸಾಧನೆಯಲ್ಲ. ಎದೆಗೆ ನಂಬರು ಚುಚ್ಚಿಕೊಂಡು, ಆರಂಭದ ಗೆರೆಯ ಬಳಿ ಚೆಂಡೆ ಬಡಿಯುತ್ತಿರುವಾಗ, ಧ್ವನಿವರ್ಧಕದಲ್ಲಿ ಹತ್ತರಿಂದ ಒಂದರವರೆಗೆ ಎಣಿಕೆ ಇಳಿಯುತ್ತಿರುವಾಗ, ತನಗಿಂತ ಹಿರಿಯರೂ ಸ್ಥೂಲರೂ ಆದವರು ತನ್ನನ್ನು ದಾಟಿ ಹೋಗುತ್ತಿರುವಾಗ ಅದೇ ಗತಿಯಲ್ಲಿ ಉಳಿಯುವುದು ಕಷ್ಟ. ಆ ಕ್ಷಣದ ಉದ್ರೇಕವನ್ನು ಅಭ್ಯಾಸದಲ್ಲಿ ಕೃತಕವಾಗಿ ನಿರ್ಮಿಸಲಾಗದು. ಆದ್ದರಿಂದಲೇ ಸಣ್ಣ ಓಟಗಳು ಅಮೂಲ್ಯ. ಆದ್ದರಿಂದಲೇ ಅವುಗಳನ್ನು ಪದಕದ ಸಲುವಾಗಿ ಮಾತ್ರ ಓಡುವುದು ನಷ್ಟ.

ಒಂದೊಂದು ದೂರದ ಪಾಠ ಒಂದೊಂದು ಬಗೆಯದು. 5 ಕಿಲೋಮೀಟರಿನಲ್ಲಿ ತಪ್ಪಿಗೆ ಶಿಕ್ಷೆ ಬೇಗ ಸಿಗುತ್ತದೆ, ಆದರೆ ಶಿಕ್ಷೆ ಹಗುರ. ಮೊದಲ ಕಿಲೋಮೀಟರಿನ ಆತುರ ಮೂರನೆಯದರಲ್ಲಿ ತಿಳಿಯುತ್ತದೆ, ಐದರಲ್ಲಿ ಓಟವೇ ಮುಗಿದಿರುತ್ತದೆ. ಆರಂಭಿಕರು ಇದನ್ನು ಹಲವು ಸಲ ಓಡಬೇಕು. 10 ಕಿಲೋಮೀಟರಿನಲ್ಲಿ ಕಠಿಣವಾದದ್ದು ನಡುವಣ ಭಾಗ. ಆರಂಭದ ಉತ್ಸಾಹ ಇಳಿದು, ಮುಗಿಯುವ ಗುರಿ ಇನ್ನೂ ಕಾಣದೆ, ಆರು ಏಳನೆಯ ಕಿಲೋಮೀಟರುಗಳಲ್ಲಿ ಗಮನ ಸಡಿಲವಾಗಿ ಗತಿ ತಾನಾಗಿಯೇ ಜಾರುತ್ತದೆ. ಹಾಫ್ ಮ್ಯಾರಥಾನ್ ಇವೆರಡಕ್ಕಿಂತಲೂ ದೊಡ್ಡ ಗುರು. ಮ್ಯಾರಥಾನಿಗೆ ಐದಾರು ವಾರ ಮೊದಲು ಹಾಫ್ ಮ್ಯಾರಥಾನ್ ಒಂದಕ್ಕೆ ಹೆಸರು ಕೊಟ್ಟು, ಮೊದಲ ಹದಿನೈದು ಹದಿನಾರು ಕಿಲೋಮೀಟರುಗಳನ್ನು ಮ್ಯಾರಥಾನಿನಂದು ಓಡಬೇಕೆಂದಿರುವ ಗತಿಯಲ್ಲಿಯೇ, ಒಂದು ಸೆಕೆಂಡೂ ಮುಂದೆ ಹಾಯದೆ ಓಡಿ, ಆಮೇಲೆ ಉಳಿದ ದೂರವನ್ನು ಇಷ್ಟಬಂದಂತೆ ಓಡಬೇಕು. ಹೀಗೆ ಓಡಿದವನಿಗೆ ಆ ದಿನ ತನ್ನ ಅತ್ಯುತ್ತಮ ಸಮಯ ಸಿಗಲಾರದು. ವಾಟ್ಸಾಪಿನಲ್ಲಿ ‘ಟೈಮಿಂಗ್ ಎಷ್ಟು?’ ಎಂದು ಕೇಳುವ ಗೆಳೆಯರಿಗೆ ಹೇಳಿಕೊಳ್ಳಲು ಹೆಮ್ಮೆಯ ಅಂಕಿ ಇರಲಾರದು. ಕೊನೆಯ ಐದು ಕಿಲೋಮೀಟರಿನಲ್ಲಿ ಎಷ್ಟು ಜನರನ್ನು ದಾಟಿದೆ ಎಂಬುದನ್ನು ಯಾರೂ ಕೇಳುವುದಿಲ್ಲ. ಓಡಿದವನಿಗೆ ಮಾತ್ರ ಗೊತ್ತು.

ಗತಿಯನ್ನು ಅಳೆಯಲು ದುಬಾರಿ ಗಡಿಯಾರವೇ ಬೇಕೆಂದಿಲ್ಲ. ಸುಲಭದ ಓಟದಲ್ಲಿ ಪೂರ್ಣ ವಾಕ್ಯಗಳನ್ನು ಆಡಲು ಸಾಧ್ಯವಾಗಬೇಕು ಎಂಬುದು ತರಬೇತುದಾರರೆಲ್ಲ ಒಪ್ಪಿದ ಮಾತು. ನಮ್ಮ ವಿಭಾಗದ ಓಟಗಾರರಿಗೆ ನಾನು ಹೇಳಿಕೊಡುವುದು ಇದರ ಕನ್ನಡ ಪಾಠಾಂತರ: ಭಾಮಿನಿ ಷಟ್ಪದಿಯ ಪದ್ಯವೊಂದನ್ನು ಓಡುತ್ತಲೇ ಹೇಳಿ ನೋಡಬೇಕು. ಪಾದದ ಕೊನೆಯಲ್ಲಿ ಮಾತ್ರ ಉಸಿರು ತೆಗೆದುಕೊಂಡು, ಉದ್ದವಾದ ಮೂರನೆಯ ಪಾದವನ್ನೂ ತುಂಡರಿಸದೆ ಹೇಳಲು ಬಂದರೆ ಅದು ದಿನನಿತ್ಯದ ನಿಧಾನ ಓಟದ ಗತಿ. ಪಾದದ ನಡುವೆ ಒಮ್ಮೆ ಉಸಿರು ಬೇಕಾದರೆ ಮ್ಯಾರಥಾನಿನ ಗತಿಗೆ ಸಮೀಪ. ಎರಡು ಗಣಕ್ಕೊಮ್ಮೆ ಏದುಸಿರು ಬಂದರೆ 10 ಕಿಲೋಮೀಟರಿನ ಗತಿ. ಪದ್ಯವೇ ಮರೆತುಹೋದರೆ ಮೊದಲ ತಿರುವಿನ ಗತಿ. (ಛಂದಸ್ಸಿನ ಪಾಠದಲ್ಲಿ ಗಣವಿಭಾಗ ಬಾರದ ಹುಡುಗನೊಬ್ಬ ಹೀಗೆ ಓಡುತ್ತ ಓಡುತ್ತ ಮೂರು-ನಾಲ್ಕರ ಲೆಕ್ಕವನ್ನು ಕಲಿತನೆಂಬುದು ಈ ವಿಧಾನದ ಅನಿರೀಕ್ಷಿತ ಫಲ.)

ಜಿಪಿಎಸ್ ಗಡಿಯಾರ ಕಟ್ಟಿಕೊಂಡವರಿಗೂ ಒಂದು ಎಚ್ಚರಿಕೆ. ಮಾನ್ಯತೆ ಪಡೆದ ಓಟಗಳ ಮಾರ್ಗವನ್ನು ಸೈಕಲ್ಲಿಗೆ ಕಟ್ಟಿದ ಮಾಪಕದಿಂದ, ತಿರುವುಗಳ ಒಳ ಅಂಚಿಗೆ ಹತ್ತಿದಂತೆ, ಸಾಧ್ಯವಾದ ಅತಿ ಕಿರಿದಾದ ದಾರಿಯಲ್ಲಿ ಅಳೆಯುತ್ತಾರೆ. ದೂರ ಕಡಿಮೆಯಾಗದಿರಲೆಂದು ಸಾವಿರಕ್ಕೆ ಒಂದು ಭಾಗವನ್ನು ಸೇರಿಸುತ್ತಾರೆ ಕೂಡ. ಜನಸಂದಣಿಯಲ್ಲಿ ಅತ್ತಿತ್ತ ಸರಿದು ಓಡುವವನು 42.195ಕ್ಕಿಂತ ಹೆಚ್ಚೇ ಓಡಬೇಕಾಗುತ್ತದೆ. ಗಡಿಯಾರ ತೋರಿಸುವ ಕಿಲೋಮೀಟರ್ ರಸ್ತೆ ಬದಿಯ ಫಲಕಕ್ಕಿಂತ ಮೊದಲೇ ಮುಗಿಯುತ್ತ ಹೋಗುತ್ತದೆ. ಕೊನೆಗೆ 400 ಮೀಟರ್ ವ್ಯತ್ಯಾಸವಾದರೆ ಎರಡು ನಿಮಿಷಕ್ಕೂ ಹೆಚ್ಚು ಹೋಯಿತು. ಫಲಕವನ್ನು ನೋಡಿ, ಕಳೆದ ಒಟ್ಟು ಸಮಯವನ್ನು ನೋಡಿ ಲೆಕ್ಕ ಹಾಕುವ ಹಳೆಯ ಕ್ರಮವೇ ಉತ್ತಮ. ಇದನ್ನೂ ಸಣ್ಣ ಓಟಗಳಲ್ಲಿಯೇ ರೂಢಿಸಿಕೊಳ್ಳಬೇಕು. 35ನೆಯ ಕಿಲೋಮೀಟರಿನಲ್ಲಿ ಹೊಸದಾಗಿ ಭಾಗಾಕಾರ ಕಲಿಯಲಾಗದು.

ಅದಲ್ಲದೆ ನಮ್ಮದು ಕರಾವಳಿ. ಬೆವರು ಆರಿದಾಗ ಮಾತ್ರ ಮೈ ತಂಪಾಗುತ್ತದೆ. ಇಲ್ಲಿಯ ತೇವದ ಗಾಳಿಯಲ್ಲಿ ಬೆವರು ಆರುವುದಿಲ್ಲ, ಹರಿಯುತ್ತದೆ ಅಷ್ಟೆ. ಒಂದೇ ಗತಿಯಲ್ಲಿ ಓಡುತ್ತಿದ್ದರೂ ಹೊತ್ತು ಕಳೆದಂತೆ ಹೃದಯದ ಬಡಿತ ಏರುತ್ತ ಹೋಗುತ್ತದೆ. ಸಮುದ್ರಮಟ್ಟದಿಂದ 900 ಮೀಟರ್ ಎತ್ತರದ ಬೆಂಗಳೂರಿನ ತಂಪು ಮುಂಜಾನೆಯಲ್ಲಿ ದಕ್ಕಿದ ಗತಿಯನ್ನು ಮಂಗಳೂರಿನಲ್ಲಿಯೋ ಕೊಚ್ಚಿಯಲ್ಲಿಯೋ ಹಟ ಹಿಡಿದು ಸಾಧಿಸಹೊರಟರೆ ದೇಹ ಒಪ್ಪುವುದಿಲ್ಲ. ಊರಿನ ರಸ್ತೆಗಳೂ ಸಮತಟ್ಟಲ್ಲ: ಹೊಳೆಯ ಬದಿಯಿಂದ ಮುರಕಲ್ಲಿನ ಪದವಿಗೆ ಏರು, ಮತ್ತೆ ಇಳಿತ. ಏರಿನಲ್ಲಿ ಗಡಿಯಾರದ ಗತಿಯನ್ನು ಬಿಟ್ಟು ಉಸಿರಿನ ಗತಿಯನ್ನು ಹಿಡಿಯಬೇಕು. ಆರು ಪಥವಾಗಿ ಅಗಲಗೊಂಡ ಹೆದ್ದಾರಿ ಮಾತ್ರ ಸಮತಟ್ಟಾಗಿದೆ, ಆದರೆ ಅದು ಓಡುವ ಸ್ಥಳವಲ್ಲ. ಈ ಮಾತನ್ನು ವಿದ್ಯಾರ್ಥಿಗಳಿಗೆ ಎಷ್ಟು ಸಲ ಹೇಳಿದರೂ ಸಾಲದು.

ನನ್ನ ವಾದಕ್ಕೆ ಪ್ರಬಲವಾದ ಆಕ್ಷೇಪವೊಂದಿದೆ. ಎಳೆಯರಿಗೆ ಹದ, ಮಿತಿ ಎಂದು ಬೋಧಿಸಿದರೆ ಅವರು ತಮ್ಮ ನಿಜವಾದ ಎಲ್ಲೆಯನ್ನು ಎಂದೂ ಕಾಣಲಾರರು, ಸ್ಪರ್ಧೆಯೆಂದರೆ ಸ್ಪರ್ಧೆಯೇ, ಮುನ್ನುಗ್ಗುವ ಧೈರ್ಯವಿಲ್ಲದವನು ಗೆಲ್ಲುವುದುಂಟೆ? ಇದಕ್ಕೆ ಸಾಮಾನ್ಯವಾಗಿ ಕೊಡುವ ನಿದರ್ಶನ ಜೋನ್ ಬೆನಾಯ್ಟ್. 1984ರ ಲಾಸ್ ಏಂಜಲೀಸ್‌ನಲ್ಲಿ, ಒಲಿಂಪಿಕ್ಸ್‌ನ ಮೊತ್ತಮೊದಲ ಮಹಿಳಾ ಮ್ಯಾರಥಾನಿನಲ್ಲಿ, ಆಕೆ ಐದು ಕಿಲೋಮೀಟರು ಆಗುವಷ್ಟರಲ್ಲಿ ಗುಂಪನ್ನು ಬಿಟ್ಟು ಒಂಟಿಯಾಗಿ ಮುಂದೆ ಹೋದರು. ನಾರ್ವೆಯ ಮಹಾನ್ ಓಟಗಾರ್ತಿ ಗ್ರೇಟ ವೈಟ್ಸ್ ಸಹಿತ ಉಳಿದವರು ಹಿಂದೆಯೇ ಉಳಿದರು. ಬೆನಾಯ್ಟ್ ಕೈಗೆ ಸಿಗಲೇ ಇಲ್ಲ. 2 ಗಂಟೆ 24 ನಿಮಿಷ 52 ಸೆಕೆಂಡುಗಳಲ್ಲಿ ಚಿನ್ನ ಗೆದ್ದರು. ಇದು ಧೈರ್ಯದ ಓಟವೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಅದಕ್ಕೂ ಒಂದು ವರ್ಷ ಮೊದಲು ಬಾಸ್ಟನ್ನಿನಲ್ಲಿ ಆಕೆ 2 ಗಂಟೆ 22 ನಿಮಿಷ 43 ಸೆಕೆಂಡುಗಳಲ್ಲಿ ಓಡಿದ್ದರೆಂಬುದನ್ನು ನೆನೆಯಬೇಕು. ಲಾಸ್ ಏಂಜಲೀಸ್‌ನ ಒಟ್ಟು ಓಟ ಆಕೆಯ ಪಾಲಿಗೆ ಅದಕ್ಕಿಂತ ನಿಧಾನದ್ದೇ. ಇತರರ ಎದುರಿನಲ್ಲಿ ಸಾಹಸವಾಗಿ ಕಂಡದ್ದು ಆಕೆಯ ಮಟ್ಟಿಗೆ ಪರಿಚಿತವಾದ ಗತಿ. ಹದವೆಂದರೆ ನಿಧಾನವಲ್ಲ, ತನ್ನದನ್ನು ತಾನು ಅರಿತಿರುವುದು. ‘ತಾಳಿದವನು ಬಾಳಿಯಾನು’ ಎಂಬ ಗಾದೆಯನ್ನು ಈ ಸಂದರ್ಭದಲ್ಲಿ ಹೇಳುವವರಿಗೂ ಇದೇ ನನ್ನ ಉತ್ತರ. ತಾಳ್ಮೆಯೊಂದೇ ಸಾಲದು; ಎಷ್ಟು ತಾಳಬೇಕು, ಎಲ್ಲಿಯವರೆಗೆ ತಾಳಬೇಕು ಎಂಬ ಲೆಕ್ಕ ಬೇಕು. ಆ ಲೆಕ್ಕ ಓಡದೆ ದೊರೆಯದು.

ಬೆನಾಯ್ಟ್ ಅವರ ಹೆಸರು ಬಂದದ್ದರಿಂದ ಇನ್ನೊಂದು ಸಂಗತಿ. ಅಮೆರಿಕದ 14 ಮ್ಯಾರಥಾನ್‌ಗಳ 91,929 ಫಲಿತಾಂಶಗಳನ್ನು ಪರಿಶೀಲಿಸಿ ಸುಮಾರು ದಶಕದ ಹಿಂದೆ ಪ್ರಕಟವಾದ ಅಧ್ಯಯನವೊಂದರಲ್ಲಿ, ಓಟದ ಎರಡನೆಯ ಅರ್ಧದಲ್ಲಿ ಪುರುಷರ ಗತಿ ಸರಾಸರಿ ಶೇಕಡಾ 15.6ರಷ್ಟು ಕುಗ್ಗಿದ್ದರೆ ಮಹಿಳೆಯರದು ಶೇಕಡಾ 11.7ರಷ್ಟು ಮಾತ್ರ ಕುಗ್ಗಿತ್ತು. ಶರೀರದ ಇಂಧನ ಬಳಕೆಯಲ್ಲಿರುವ ವ್ಯತ್ಯಾಸವೂ ಆರಂಭದ ಆತುರದಲ್ಲಿರುವ ವ್ಯತ್ಯಾಸವೂ ಇದಕ್ಕೆ ಕಾರಣವಿರಬಹುದೆಂದು ತಜ್ಞರ ಊಹೆ. ನಮ್ಮಲ್ಲಿ ರಸ್ತೆ ಓಟವೆಂದರೆ ಹುಡುಗರದ್ದು, ಹುಡುಗಿಯರಿಗೆ ಅದರ ಗಿಡ್ಡ ಪ್ರತಿ ಎಂಬ ಧೋರಣೆ ಇನ್ನೂ ಹೋಗಿಲ್ಲ. ಗತಿಯನ್ನು ಕಾಯ್ದುಕೊಳ್ಳುವ ವಿದ್ಯೆಯಲ್ಲಿ ಪಾಠ ಹೇಳಬೇಕಾದವರು ಯಾರು, ಕೇಳಬೇಕಾದವರು ಯಾರು ಎಂಬುದನ್ನು ಈ ಅಂಕಿಗಳ ಬೆಳಕಿನಲ್ಲಿ ಇನ್ನೊಮ್ಮೆ ಯೋಚಿಸುವುದೊಳ್ಳೆಯದು.

ಕನ್ನಡ ವಿಭಾಗದ ವಾರ್ತಾಪತ್ರದಲ್ಲಿ ಓಟದ ಚರ್ಚೆ ಏಕೆಂದು ಹುಬ್ಬೇರಿಸುವ ಸಹೋದ್ಯೋಗಿಗಳಿದ್ದಾರೆ. ಅವರಿಗೆ ಎರಡು ಮಾತು. ಮೊದಲನೆಯದು ಹೊಟ್ಟೆಪಾಡಿನದು. ನಮ್ಮ ವಿಭಾಗಕ್ಕೆ ಬರುವ ಗಡಿನಾಡಿನ ಮಕ್ಕಳಲ್ಲಿ ಸೈನ್ಯಕ್ಕೋ ಪೊಲೀಸ್ ಇಲಾಖೆಗೋ ಸೇರಬಯಸುವವರು ಪ್ರತಿವರ್ಷವೂ ಇರುತ್ತಾರೆ. ಸೈನ್ಯದ ಭರ್ತಿಯಲ್ಲಿ 1,600 ಮೀಟರ್ ಓಟವಿದೆ. 400 ಮೀಟರಿನ ಮೈದಾನದಲ್ಲಿ ನಾಲ್ಕು ಸುತ್ತು. ಮೊದಲ ಸುತ್ತಿನಲ್ಲಿ ಎಲ್ಲರಿಗಿಂತ ಮುಂದಿದ್ದು ನಾಲ್ಕನೆಯದರಲ್ಲಿ ಕಾಲು ಬಾರದೆ, ಕೆಲವೇ ಸೆಕೆಂಡುಗಳಿಂದ ಹೊರಗುಳಿದು ಬಂದವನೊಬ್ಬ ನನ್ನೆದುರು ಕುಳಿತು, ‘ಸರ್, ನನಗೆ ದಮ್ಮಿಲ್ಲ, ಬಿಟ್ಟುಬಿಟ್ಟೆ’ ಎಂದದ್ದುಂಟು. ಮೂರು ಸುತ್ತು ಆ ವೇಗದಲ್ಲಿ ಓಡಿದವನಿಗೆ ದಮ್ಮಿಲ್ಲವೆಂದು ನಂಬಿಸಿದವರು ಯಾರು? ನಾಲ್ಕು ಸುತ್ತನ್ನು ಹಂಚಿಕೊಂಡು ಓಡುವುದು ಹೇಗೆಂದು ಅವನಿಗೆ ಹದಿನೈದು ವರ್ಷಗಳ ವಿದ್ಯಾಭ್ಯಾಸದಲ್ಲಿ ಒಬ್ಬರೂ ಹೇಳಿಕೊಟ್ಟಿರಲಿಲ್ಲ.

ಎರಡನೆಯದು ನಮ್ಮ ಮಣ್ಣಿನದು. ಗತಿಯ ವಿದ್ಯೆ ಈ ನೆಲಕ್ಕೆ ಹೊರಗಿನದೇನಲ್ಲ. ಇಡೀ ರಾತ್ರಿಯ ತೆಂಕುತಿಟ್ಟು ಯಕ್ಷಗಾನವನ್ನು ನೋಡಿದವರಿಗೆ ಗೊತ್ತಿದೆ: ಪೂರ್ವರಂಗದಲ್ಲಿ ಎಳೆಯ ಭಾಗವತರು ಕುಳಿತಿರುತ್ತಾರೆ, ಮುಖ್ಯ ಭಾಗವತರು ಜಾಗಟೆ ಹಿಡಿಯುವುದು ರಾತ್ರಿ ಬೆಳೆದ ಮೇಲೆ. ಬೆಳಗಿನ ಜಾವದ ಯುದ್ಧಕ್ಕೆ ಬೇಕಾದ ಚೆಂಡೆಯನ್ನು ಒಂಬತ್ತು ಗಂಟೆಗೇ ಬಡಿದು ಮುಗಿಸುವ ಮೇಳ ಎಲ್ಲಿಯೂ ಇಲ್ಲ. ಕಾಲಮಿತಿಯ ಪ್ರದರ್ಶನಗಳು ಬಂದ ಮೇಲೆ ಈ ಹಂಚಿಕೆ ಬದಲಾಗಿದೆಯೆಂಬುದು ನಿಜ. ಅದು ಬೇರೆಯೇ ಚರ್ಚೆ.

ಆದ್ದರಿಂದ ಮುಂದಿನ ಕ್ರೀಡಾಕೂಟಕ್ಕೆ ನನ್ನದೊಂದು ಸಲಹೆ. ಮೊದಲ ಮೂವರಿಗೆ ಕೊಡುವ ಬಹುಮಾನ ಹಾಗೆಯೇ ಇರಲಿ. ಅದರೊಂದಿಗೆ ಇನ್ನೆರಡು ಬಹುಮಾನಗಳನ್ನು ಸೇರಿಸೋಣ. ಒಂದು, ಓಟಕ್ಕೆ ಮೊದಲು ಪ್ರತಿಯೊಬ್ಬರೂ ತಾವು 5 ಕಿಲೋಮೀಟರನ್ನು ಎಷ್ಟು ಸಮಯದಲ್ಲಿ ಮುಗಿಸುವೆವೆಂದು ಚೀಟಿಯಲ್ಲಿ ಬರೆದುಕೊಡಬೇಕು. ಗಡಿಯಾರ, ಮೊಬೈಲು ಯಾವುದೂ ಜೊತೆಗಿರಕೂಡದು. ಬರೆದ ಸಮಯಕ್ಕೆ ಅತ್ಯಂತ ಸಮೀಪ ಬಂದವರಿಗೆ ಬಹುಮಾನ. ಇದರಲ್ಲಿ 22 ನಿಮಿಷದವನೂ 40 ನಿಮಿಷದವಳೂ ಸಮಾನರು. ಇನ್ನೊಂದು, ಎರಡೂವರೆ ಕಿಲೋಮೀಟರಿನಲ್ಲಿ ಹಿಂದಿರುಗುವ ಮಾರ್ಗವಿಟ್ಟು, ಹೋದ ಸಮಯಕ್ಕಿಂತ ಬಂದ ಸಮಯ ಯಾರದು ಅತಿ ಹೆಚ್ಚು ಕಡಿಮೆಯಾಗಿದೆಯೋ ಅವರಿಗೆ. ಮೊದಲರ್ಧವನ್ನು ಬೇಕೆಂದೇ ನಡೆದು ಬಹುಮಾನ ಹೊಡೆಯುವ ಜಾಣರು ಬಂದಾರು. ಅದಕ್ಕೆ ಒಟ್ಟು ಸಮಯ 35 ನಿಮಿಷದೊಳಗಿರಬೇಕೆಂಬ ನಿಬಂಧನೆ ಸಾಕು. ಖರ್ಚು ಹೆಚ್ಚಿಲ್ಲ: ತಿರುಗುವ ಸ್ಥಳದಲ್ಲಿ ಸ್ಟಾಪ್‌ವಾಚ್ ಹಿಡಿದ ಇಬ್ಬರು, ನಂಬರು ಬರೆದುಕೊಳ್ಳುವ ಇಬ್ಬರು, ಒಂದು ಕೊಡ ನೀರು. ಈ ಎರಡು ಬಹುಮಾನಗಳಿಗೆ ಪುಸ್ತಕಗಳನ್ನು ನಮ್ಮ ವಿಭಾಗವೇ ಕೊಡಬಹುದು. ಅತಿಥಿಗಳು ಬರಲಿ ಬಿಡಲಿ, ಬಾವುಟ ಮಾತ್ರ ಆರೂವರೆಗೆ ಬೀಸತಕ್ಕದ್ದು.